ಕಾಸರಗೋಡಿನವಳಾಗಿ ತೆಯ್ಯ ಯಾಕೆ ಬಿಡಿಸಲ್ಲ?

ಪ್ರದರ್ಶನ ಮುಗಿದು ತಿಂಗಳಾಯಿತು. ಈಗಲೂ ಸಿಕ್ಕವರೆಲ್ಲ ಕೇಳುವುದು ಒಂದೇ. "ಕಾಸರಗೋಡಿನವಳು ನೀನು, ಒಂದೂ ತೆಯ್ಯದ ಚಿತ್ರ ಇಲ್ವಲ್ಲ?" ತೆಯ್ಯ ಅಂದರೆ ನಮ್ಮ ಕಡೆ ಮುಖಕ್ಕೆ ಬಣ್ಣ ಬರೆದು, ವೇಷ ಕಟ್ಟಿ ಮನುಷ್ಯ ದೈವವಾಗುವ ಆಚರಣೆ, ಭೂತಕೋಲದ ಹಾಗೆ. ಕಾಞಂಗಾಡಿನ ಲಲಿತಕಲಾ ಅಕಾಡೆಮಿ ಗ್ಯಾಲರಿಯಲ್ಲಿ ನಾವು ನಾಲ್ಕು ಜನ ವಿದ್ಯಾರ್ಥಿಗಳು ಚಿತ್ರ ಇಟ್ಟಿದ್ದೆವು. ನನ್ನವು 11. ಅಡಿಕೆ ತೋಟ, ಕೆಂಪುಕಲ್ಲಿನ ಕೋರೆ, ಅಜ್ಜಿಯ ಪಾದ.

ತೆಯ್ಯ ಬಿಡಿಸಿಲ್ಲ ಅಂತಲ್ಲ. ಪ್ಲಸ್ ಟು ಮುಗಿಯುವಷ್ಟರಲ್ಲಿ ಮೂವತ್ತಾದರೂ ಬಿಡಿಸಿದ್ದೆ, ಎಲ್ಲವೂ ಮೊಬೈಲಿನಲ್ಲಿ ಫೋಟೋ ನೋಡಿ. ಕೆಂಪು ಮುಖ, ತಲೆ ಮೇಲೆ ಕಿರೀಟದಂಥ ದೊಡ್ಡ ಮುಡಿ, ಹಿಂದೆ ಕತ್ತಲು. ಒಂದು ಚಿತ್ರ ನೆಂಟರ ಹೋಟೆಲಿನ ಗಲ್ಲಾದ ಹಿಂದೆ ಇವತ್ತಿಗೂ ಇದೆ. ಅಲ್ಲಿಗೆ ಹೋದರೆ ನಾನು ಆ ಗೋಡೆಗೆ ಬೆನ್ನು ಹಾಕಿ ಕೂರುತ್ತೇನೆ.

ಕಾಲೇಜು ಸೇರಿದ ವರ್ಷ ಗೆಳತಿಯ ಜೊತೆ ನೀಲೇಶ್ವರದ ಹತ್ತಿರದ ಒಂದು ಕಾವಿಗೆ, ಅಂದರೆ ತೆಯ್ಯ ನಡೆಯುವ ದೈವಸ್ಥಾನಕ್ಕೆ, ಹೋದೆ. ತೆಂಗಿನ ಮಡಲಿನ ಮರೆಯಲ್ಲಿ ಒಬ್ಬರು ಚಾಪೆ ಮೇಲೆ ಅಂಗಾತ ಮಲಗಿದ್ದರು. ಇನ್ನೊಬ್ಬರು ಅವರ ಮುಖದ ಮೇಲೆ ಬಾಗಿ ಬರೆಯುತ್ತಿದ್ದರು. ಮಲಯಾಳದಲ್ಲಿ ಈ ಕೆಲಸದ ಹೆಸರೇ ಮುಖದ ಬರಹ ಅಂತ. ಬ್ರಷ್ ಇಲ್ಲ, ತೆಂಗಿನ ಗರಿಯ ಕಡ್ಡಿ ಅಷ್ಟೆ. ಪಕ್ಕದ ಗೆರಟೆಗಳಲ್ಲಿ ಚಾಯಿಲ್ಯದ ಕೆಂಪು, ಮನಯೋಲದ ಹಳದಿ. ಕಣ್ಣಿನ ಕೊನೆಯಿಂದ ಕಿವಿಯ ಕಡೆಗೆ ಒಂದು ಗೆರೆ ಹೊರಟಿತು, ಕೂದಲಷ್ಟು ಸಪೂರ. ಮಲಗಿದವರು ಉಸಿರೆಳೆದಾಗ ಕೆನ್ನೆ ತುಸು ಅಲುಗುತ್ತಿತ್ತು. ಕಡ್ಡಿ ನಿಲ್ಲುತ್ತಿತ್ತು. ಉಸಿರು ಬಿಟ್ಟ ಮೇಲೆ ಮುಂದೆ ಹೋಗುತ್ತಿತ್ತು.

ಆಮೇಲೆ ಮುಡಿ ಏರಿಸಿ, ಕೈಗೆ ಕನ್ನಡಿ ಕೊಟ್ಟರು. ಅವರು ತನ್ನ ಮುಖ ನೋಡಿಕೊಂಡರು. ಅಲ್ಲಿಂದ ಅವರು ದೈವ. ಗಂಟೆಗಟ್ಟಲೆ ಕೂತು ಬರೆದ ಆ ಚಿತ್ರವನ್ನು ಎಲ್ಲ ಮುಗಿದ ಮೇಲೆ ತೊಳೆದುಬಿಟ್ಟರು.

ಬೇರೆಯವರು ಬರೆದ ಚಿತ್ರದ ಫೋಟೋ ನೋಡಿ ಬಿಡಿಸಿದ್ದು ನನ್ನ ತೆಯ್ಯ, ಅಲ್ವಾ? ಅಲ್ಲಿಗೆ ನಿಲ್ಲಿಸಿದೆ.

ಆದರೆ ಕಡ್ಡಿಯನ್ನು ಬಿಡಲಿಲ್ಲ. ಮನೆಯ ಹಿಡಿಸೂಡಿಯಿಂದ ದಿನಕ್ಕೊಂದು ಎಳೆದು ಅಮ್ಮನ ಹತ್ತಿರ ಬೈಗುಳ ತಿಂದೆ. ಬಣ್ಣ ಕೋರೆಯಿಂದ ಬಂತು. ಕೆಂಪುಕಲ್ಲು ಕಡಿಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಅದರ ಹುಡಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ಗೇರುಮರದ ಅಂಟಿನಲ್ಲಿ ಕಲಸಿದೆ. ಮೊದಲ ಆರು ಚಿತ್ರಗಳಿಗೆ ಆಟಿಯ ಮಳೆಯಲ್ಲಿ ಬೂಸ್ಟು ಬಂತು. ಅಜ್ಜಿಯ ಪಾದ ಹಸಿರಾಗಿತ್ತು! ಈಗ ಅಂಟಿಗೆ ಎರಡು ಹನಿ ಲವಂಗದ ಎಣ್ಣೆ ಹಾಕುತ್ತೇನೆ. ಗ್ಯಾಲರಿಯಲ್ಲಿದ್ದದ್ದು ಎರಡನೇ ಸಲ ಬಿಡಿಸಿದ ಪಾದ, ಹಿಮ್ಮಡಿಯ ಬಿರುಕೆಲ್ಲ ಕಡ್ಡಿಯದ್ದೇ ಗೆರೆ.

ಕೊನೆಯ ದಿನ ಮುಂಡು ಉಟ್ಟ ಅಜ್ಜ ಒಬ್ಬರು ಅದರ ಮುಂದೆ ಜಾಸ್ತಿ ಹೊತ್ತು ನಿಂತರು. ಮೂಗು ತಾಗುವಷ್ಟು ಹತ್ತಿರ. ತಿರುಗಿ ಮಲಯಾಳದಲ್ಲಿ ಕೇಳಿದರು: "ಈರ್ಕಿಲಿ ಆಣೋ?" ಗರಿ ಕಡ್ಡಿಯಾ ಅಂತ. ಹೌದು ಅಂದೆ. ತಲೆಯಾಡಿಸಿ ಪಕ್ಕದ ಚಿತ್ರಕ್ಕೆ ಹೋದರು. ತೆಯ್ಯದ ಮಾತು ಎತ್ತಲೇ ಇಲ್ಲ.