ಜೆಲ್ಲಿಗೆ ಮಣ್ಣು ಬೆರೆಸುವುದು ಗಟ್ಟಿಯಾಗಲಿ ಅಂತಾನಾ?

ನಾನು ಹೈಡ್ರೋಜೆಲ್, ಅಂದರೆ ನೀರು ಹಿಡಿದಿಟ್ಟುಕೊಂಡ ಜೆಲ್ಲಿ, ಮಾಡುತ್ತೇನೆ ಎಂದು ಗೊತ್ತಾದವರೆಲ್ಲ ಕೇಳುವುದು ಇದನ್ನೇ: "ಮಣ್ಣು ಬೆರೆಸ್ತೀರಂತೆ, ಗಟ್ಟಿ ಆಗ್ಲಿ ಅಂತಾನಾ?" ಹೇಳಿ ಹೇಳಿ ಬಾಯಿ ಸೋತಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಆ 'ಬೆರೆಸ್ತೀರಂತೆ'. ಕಲಬೆರಕೆ ಮಾಡಿ ಸಿಕ್ಕಿಬಿದ್ದವನನ್ನು ಕೇಳುವ ಧಾಟಿ ಅದು. ನಾನು ಬಳಸುವುದು ಲ್ಯಾಪೊನೈಟ್, ಕಾರ್ಖಾನೆಯಲ್ಲೇ ತಯಾರಾಗುವ ಜೇಡಿ. ಒಂದೊಂದು ಕಣವೂ ಒಂದು ಬಿಲ್ಲೆ. ಅಗಲ ಸುಮಾರು 25 ನ್ಯಾನೋಮೀಟರ್, ದಪ್ಪ ಸುಮಾರು 1. ನೀರಿನಲ್ಲಿ ಸರಿಯಾಗಿ ಬಿಡಿಯಾದರೆ ಗಾಜಿನಷ್ಟು ತಿಳಿ. ಕೆಸರಲ್ಲ, ದಯವಿಟ್ಟು.

ಸಾಮಾನ್ಯ ಹೈಡ್ರೋಜೆಲ್‌ನಲ್ಲಿ ಪಾಲಿಮರ್ ಎಳೆಗಳಿಗೆ, ಅಂದರೆ ಸರಪಳಿಯಂಥ ಉದ್ದನೆಯ ಅಣುಗಳಿಗೆ, ರಾಸಾಯನಿಕ ಗಂಟು ಹಾಕುತ್ತಾರೆ. ಗಂಟುಗಳ ಅಂತರ ಒಂದೊಂದು ಕಡೆ ಒಂದೊಂದು ಥರ. ಎಳೆದಾಗ ಗಿಡ್ಡ ಎಳೆ ಮೊದಲು ಬಿಗಿದು ಕಡಿಯುತ್ತದೆ, ಅದರ ಭಾರ ಪಕ್ಕದ್ದಕ್ಕೆ ಬೀಳುತ್ತದೆ, ಜೆಲ್ ಪಟ್ಟನೆ ಒಡೆಯುತ್ತದೆ. 2002ರಲ್ಲಿ ಜಪಾನಿನ ವಿಜ್ಞಾನಿಗಳಾದ ಹರಗುಚಿ ಮತ್ತು ತಾಕೆಹಿಸಾ ಆ ಗಂಟನ್ನೇ ಕೈಬಿಟ್ಟು, ಜೇಡಿಯ ಬಿಲ್ಲೆಗಳ ನಡುವೆ ಪಾಲಿಮರ್ ಬೆಳೆಸಿದರು. ಒಂದೊಂದು ಬಿಲ್ಲೆಗೂ ಹಲವು ಎಳೆ ಅಂಟಿಕೊಂಡು, ಅಲ್ಲಿಂದ ಪಕ್ಕದ ಬಿಲ್ಲೆಗೆ ಹೋದವು. ಆ ಜೆಲ್ ಎಳೆದರೆ ಹತ್ತು ಪಟ್ಟಿಗೂ ಜಾಸ್ತಿ ಉದ್ದವಾಯಿತು. ಮಣ್ಣು ಜಾಗ ತುಂಬಲು ಬಂದದ್ದಲ್ಲ. ಗಂಟೇ ಅದು.

"ಹಾಗಾದ್ರೆ ಪಾಲಿಮರ್ ಇನ್ನೂ ಜಾಸ್ತಿ ಹಾಕಿ." ಇದು ಎರಡನೇ ಬಾಣ. ಹಾಕಿ ನೋಡಿದ್ದೇನೆ ಸ್ವಾಮಿ. ಒಮ್ಮೆ, ಮಾರನೇ ದಿನ ತೋರಿಸಬೇಕಿದ್ದ ಜೆಲ್ ಸಡಿಲ ಅನ್ನಿಸಿತು. ರಾತ್ರಿ ಹೊಸ ಬ್ಯಾಚಿಗೆ ಪಾಲಿಎಥಿಲೀನ್ ಆಕ್ಸೈಡ್ ಎಂಬ ಗಿಡ್ಡ ಎಳೆಯ ಪಾಲಿಮರ್ ಧಾರಾಳವಾಗಿ ಸುರಿದೆ. ಬೆಳಿಗ್ಗೆ ಸೀಸೆ ವಾಲಿಸಿದರೆ ಎಲ್ಲ ಹರಿದುಬಂತು. ಪ್ರತಿ ಬಿಲ್ಲೆಯೂ ಮೈತುಂಬ ಪಾಲಿಮರ್ ಹೊದ್ದು ಕೂತಿತ್ತು. ಒಂದಕ್ಕೊಂದು ತಾಗಲೂ ಆಗದು, ಬೇರೆ ಎಳೆ ಹಿಡಿಯಲು ಜಾಗವೂ ಇಲ್ಲ.

ಯಾರಾದರೂ "ಕುಲುಕಿದ್ರೆ ಏನಾಗುತ್ತೆ?" ಎಂದು ಕೇಳಬಾರದೇ? ಬರೀ ಜೇಡಿಯ ಜೆಲ್ ಕುಲುಕಿದರೆ ತೆಳುವಾಗುತ್ತದೆ. ಉದ್ದ ಎಳೆಯ ಪಾಲಿಮರನ್ನು ಬಿಲ್ಲೆಗಳ ಮೈ ಇನ್ನೇನು ಮುಚ್ಚಿತು ಅನ್ನುವಷ್ಟು ಹಾಕಿ ನೋಡಿ. ಸುಮ್ನೆ ಇಟ್ಟರೆ ದ್ರವ. ಜೋರಾಗಿ ಕುಲುಕಿದರೆ ಸೀಸೆ ಬೋರಲು ಹಾಕಿದರೂ ಬೀಳದ ಜೆಲ್! ಕುಲುಕಾಟಕ್ಕೆ ಎಳೆಗಳು ಚಾಚಿಕೊಂಡು ಪಕ್ಕದ ಬಿಲ್ಲೆಗಳನ್ನು ಹಿಡಿಯುತ್ತವೆ. ಸ್ವಲ್ಪ ಹೊತ್ತು ಬಿಟ್ಟರೆ ಹಿಡಿತ ಒಂದೊಂದಾಗಿ ಸಡಿಲಿ ಮತ್ತೆ ದ್ರವ. ಬಿಸಿ ಮಾಡಿದರೆ ಇನ್ನೂ ಬೇಗ.

ಇನ್ನು ಮೇಲೆ ಈ ಪ್ರಶ್ನೆ ಕೇಳಿ. ಸೀಸೆ ಮೇಜಿನ ಮೇಲೇ ಇದೆ.