ಇಷ್ಟು ದೊಡ್ಡ ಆಟವನ್ನು ಮುಗಿಸೋದು ಹೇಗೆ?

"ಆಸೆಪಟ್ಟು ತಗೊಂಡ್ವಿ, ಎರಡು ಮೂರು ಸಲ ಕೂತ್ವಿ, ಆಮೇಲೆ ಪೆಟ್ಟಿಗೆ ಅಟ್ಟ ಸೇರಿತು. ನೀವು ಕೊನೆತನಕ ಹೇಗೆ ಆಡ್ತೀರಿ?" ಕಥೆಯುಳ್ಳ ಬೋರ್ಡ್ ಗೇಮ್‌ಗಳ ಮಾತು ಬಂದಾಗೆಲ್ಲ ನನ್ನನ್ನು ಎಲ್ಲರೂ ಕೇಳೋದು ಇದನ್ನೇ. ಕೇಳುವವರಿಗೆ ಆಟದ ಮೇಲೆ ಪ್ರೀತಿ ಇಲ್ಲದೆ ಇಲ್ಲ. ಸಾವಿರಾರು ರೂಪಾಯಿ ಕೊಟ್ಟು, ಹೊರದೇಶದಿಂದ ಬರೋವರೆಗೆ ಕಾದು ತಂದ ಪೆಟ್ಟಿಗೆ ಅದು. ಅದನ್ನು ನೋಡಿದಾಗೆಲ್ಲ ಅವರಿಗೆ ಸಂಕಟವಾಗುತ್ತದೆ. ಹಾಗಾಗಿ ಉತ್ತರವನ್ನು ಪೂರ್ತಿಯಾಗಿ ಬರೆದಿಡೋಣ ಅನ್ನಿಸಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಇವು ಒಂದು ಸಂಜೆಗೆ ಮುಗಿಯುವ ಆಟಗಳಲ್ಲ. ಅಧ್ಯಾಯದ ಮೇಲೆ ಅಧ್ಯಾಯವಾಗಿ ತಿಂಗಳುಗಟ್ಟಲೆ ಸಾಗುತ್ತವೆ. ಹೋದ ಸಲ ನೀವು ಮಾಡಿದ್ದು ಈ ಸಲಕ್ಕೂ ಬೆನ್ನು ಹತ್ತಿ ಬರುತ್ತದೆ. ಬೋರ್ಡಿನ ಮೇಲೆ ಸ್ಟಿಕ್ಕರ್ ಅಂಟುತ್ತದೆ, ಕೆಲವು ಆಟಗಳಲ್ಲಿ ಕಾರ್ಡನ್ನೇ ಹರಿದು ಹಾಕಬೇಕಾಗುತ್ತದೆ. 2011ರ ರಿಸ್ಕ್ ಲೆಗಸಿ ಈ ದಾರಿ ತೆರೆಯಿತು, 2015ರ ಪ್ಯಾಂಡೆಮಿಕ್ ಲೆಗಸಿ ಅದನ್ನು ಮನೆಮನೆಗೆ ಮುಟ್ಟಿಸಿತು. 2017ರಲ್ಲಿ ಬಂದ ಐಸಾಕ್ ಚಿಲ್ಡ್ರೆಸ್ ಅವರ ಗ್ಲೂಮ್‌ಹೇವನ್‌ನಲ್ಲಿ 95 ಸಿನಾರಿಯೊಗಳಿವೆ, ಅಂದರೆ ಕೋಣೆಯಿಂದ ಕೋಣೆಗೆ ರಾಕ್ಷಸರೊಡನೆ ಹೊಡೆದಾಡುತ್ತ ಸಾಗುವ ಅಧ್ಯಾಯಗಳು. ಪೆಟ್ಟಿಗೆಯ ತೂಕವೇ ಹತ್ತಿರಹತ್ತಿರ ಹತ್ತು ಕಿಲೋ.

ನನ್ನ ಉತ್ತರದ ತಿರುಳು ಇಷ್ಟು: ಕಥೆಯನ್ನು ಕಟ್ಟಿಹಾಕುವ ನಿಯಮವನ್ನು ಸಡಿಲಿಸಿ, ಆಯ್ಕೆಗೆ ತೂಕ ಕೊಡುವ ನಿಯಮವನ್ನು ಮುಟ್ಟಬೇಡಿ. ಬಹಳಷ್ಟು ಗುಂಪುಗಳು ಇದನ್ನು ತಿರುಗುಮುರುಗು ಮಾಡುತ್ತವೆ. ಕೆಟ್ಟ ಆಯ್ಕೆಯನ್ನು "ಇರಲಿ ಬಿಡಿ, ವಾಪಸ್ ತಗೊಳ್ಳಿ" ಅಂತ ಅಳಿಸುತ್ತವೆ. ಸೋತ ಅಧ್ಯಾಯವನ್ನು ಮಾತ್ರ "ರೂಲ್ಸ್ ಅಂದ್ರೆ ರೂಲ್ಸ್" ಅಂತ ಐದು ಸಲ ಆಡುತ್ತವೆ.

ಗುಂಪು ಒಡೆಯೋದು ಹೆಚ್ಚಾಗಿ ಸೋಲಿನ ಹತ್ತಿರವೇ. ಮುಂದೆ ಹೇಳುವ ಆಟಗಳಲ್ಲಿ ಎಲ್ಲರೂ ಒಂದೇ ಪಕ್ಷ, ಸೋತರೆ ಎಲ್ಲರೂ ಒಟ್ಟಿಗೆ ಆಟಕ್ಕೇ ಸೋಲೋದು. ಗ್ಲೂಮ್‌ಹೇವನ್‌ನಲ್ಲಿ ಸೋತರೆ ಅದೇ ಸಿನಾರಿಯೊ ಮತ್ತೆ ಆಡಬಹುದು, ಗಳಿಸಿದ ಚಿನ್ನವೂ ಅನುಭವದ ಅಂಕವೂ ನಿಮ್ಮ ಹತ್ತಿರವೇ ಉಳಿಯುತ್ತವೆ. ಕೇಳೋಕೆ ಇದು ಔದಾರ್ಯದ ನಿಯಮ. ಆದರೆ ಭಾನುವಾರದ ಮಧ್ಯಾಹ್ನವೆಲ್ಲ ಆಡಿ ಸೋತವರಿಗೆ ಮುಂದಿನ ಸಲವೂ ಅದೇ ಕೋಣೆ, ಅದೇ ಅಸ್ಥಿಪಂಜರಗಳು, ಅದೇ ಬಾಗಿಲು. ಮೂರನೇ ಸಲಕ್ಕೆ ಒಬ್ಬರಿಗೆ ಆಫೀಸ್ ಕೆಲಸ ಬರುತ್ತದೆ, ಇನ್ನೊಬ್ಬರ ಮನೆಗೆ ನೆಂಟರು ಬರುತ್ತಾರೆ. ಪ್ಯಾಂಡೆಮಿಕ್ ಲೆಗಸಿಯನ್ನು ಮಾಡಿದ ಮ್ಯಾಟ್ ಲೀಕಾಕ್ ಮತ್ತು ರಾಬ್ ಡೇವಿಯೊ ಈ ಗಂಟನ್ನು ಆಟದೊಳಗೇ ಬಿಡಿಸಿದ್ದಾರೆ. ಅಲ್ಲಿ ಕಥೆ ಜನವರಿಯಿಂದ ಡಿಸೆಂಬರ್‌ವರೆಗೆ ನಡೆಯುತ್ತದೆ. ಒಂದು ತಿಂಗಳಿಗೆ ಎರಡೇ ಅವಕಾಶ. ಎರಡನ್ನೂ ಸೋತರೂ ಮುಂದಿನ ತಿಂಗಳಿಗೆ ಹೋಗಲೇಬೇಕು. ಸೋತವರಿಗೆ ಮುಂದಿನ ಆಟದಲ್ಲಿ ಸಹಾಯದ ಕಾರ್ಡು ಎರಡು ಹೆಚ್ಚು, ಗೆದ್ದವರಿಗೆ ಎರಡು ಕಡಿಮೆ. ಹಾಗಾಗಿ ಹೇಗೇ ಆಡಿದರೂ 24 ಆಟದೊಳಗೆ ವರ್ಷ ಮುಗಿಯುತ್ತದೆ, ಕೊನೆಯ ಪುಟ ಎಲ್ಲರಿಗೂ ಸಿಗುತ್ತದೆ.

ನಾವು ಈ ನಿಯಮವನ್ನೇ ಎಲ್ಲ ಆಟಗಳಿಗೂ ತಂದುಕೊಂಡಿದ್ದೇವೆ. ಮೊದಲ ಸಲ ಸೋತರೆ, ಎರಡನೇ ಸಲ ಕಷ್ಟವನ್ನು ಒಂದು ಮೆಟ್ಟಿಲು ಇಳಿಸುತ್ತೇವೆ. ಗ್ಲೂಮ್‌ಹೇವನ್‌ನ ಪುಸ್ತಕವೇ ಇದಕ್ಕೆ ಅವಕಾಶ ಕೊಡುತ್ತದೆ: ಪಾತ್ರಗಳ ಮಟ್ಟದ ಸರಾಸರಿ ತೆಗೆದು ಅರ್ಧ ಮಾಡಿ ಸಿನಾರಿಯೊದ ಮಟ್ಟ ಹಿಡಿಯೋದು, ಸುಲಭ ಬೇಕಾದರೆ ಅದರಲ್ಲಿ ಒಂದು ಕಳೆಯೋದು. ಎರಡನೇ ಸಲವೂ ಸೋತರೆ ಕಥೆಯ ಭಾಗವನ್ನು ಓದಿಕೊಂಡು ಮುಂದಕ್ಕೆ ಹೋಗುತ್ತೇವೆ. ಆದರೆ ಆ ಅಧ್ಯಾಯದ ಬಹುಮಾನವನ್ನು ಮುಟ್ಟೋದಿಲ್ಲ. ಈ ಬೆಲೆ ಇರಲೇಬೇಕು. ಬೆಲೆ ಇಲ್ಲದಿದ್ದರೆ ಎರಡನೇ ಸಲ ಯಾರೂ ಮನಸ್ಸಿಟ್ಟು ಆಡೋದಿಲ್ಲ.

ಪತ್ತೇದಾರರಾಗಿ ಆಡುವ 2016ರ ಅರ್ಕಮ್ ಹಾರರ್ ಕಾರ್ಡ್ ಗೇಮ್‌ಗೆ ಈ ತಿದ್ದುಪಡಿಯೂ ಬೇಡ. ಅಲ್ಲಿ ಸೋತರೂ ಕಥೆ ಸಾಗುತ್ತದೆ, ಆದರೆ ಬೇರೆ ಬಾಗಿಲಿನಿಂದ. ನಿಮ್ಮ ಕೈಗೆ ಸಿಗದೆ ತಪ್ಪಿಸಿಕೊಂಡವರ ಹೆಸರು ದಾಖಲೆಯ ಹಾಳೆಯಲ್ಲಿ ಉಳಿಯುತ್ತದೆ, ಆದ ಗಾಯ ಮುಂದಿನ ಅಧ್ಯಾಯಕ್ಕೂ ಬರುತ್ತದೆ. ಆ ಆಟದಲ್ಲಿ ಸೋತ ಅಧ್ಯಾಯವನ್ನು ಮತ್ತೆ ಆಡಿ ಗೆದ್ದು ಬರೋಣ ಅನ್ನುವವರನ್ನು ನಾನು ತಡೆಯುತ್ತೇನೆ. ಏಟು ತಿಂದು ಕುಂಟುತ್ತ ಕೊನೆ ಮುಟ್ಟಿದ ಪತ್ತೇದಾರನ ಕಥೆಯನ್ನು ಆಟಗಾರರು ವರ್ಷಗಳಾದರೂ ಹೇಳುತ್ತಾರೆ.

ಹಾಗಾದರೆ ಮುಟ್ಟಬಾರದ ನಿಯಮ ಯಾವುದು? ನನ್ನ ಪಟ್ಟಿಯಲ್ಲಿ ಮೊದಲನೆಯದು ಮಾತಿನ ಮೇಲಿನ ಕಟ್ಟುಪಾಡು. 2020ರಲ್ಲಿ ಬಂದ ಗ್ಲೂಮ್‌ಹೇವನ್: ಜಾಸ್ ಆಫ್ ದ ಲಯನ್ ಆಡಿದವರಿಗೆ ಇದು ಗೊತ್ತು. ಪ್ರತಿ ಸುತ್ತಿಗೂ ಎಲ್ಲರೂ ಎರಡೆರಡು ಕಾರ್ಡು ಆರಿಸಿ ಬೋರಲು ಇಡಬೇಕು. ಒಂದರ ಮೇಲಿನ ಅರ್ಧ, ಇನ್ನೊಂದರ ಕೆಳಗಿನ ಅರ್ಧ ಆಡೋಕೆ ಬರುತ್ತದೆ. ಮುಂದಿಟ್ಟ ಕಾರ್ಡಿನ ಸಂಖ್ಯೆ ಚಿಕ್ಕದಿದ್ದರೆ ಸರದಿ ಬೇಗ. ಈ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. "ಬೇಗ", "ತಡವಾಗಿ", "ಸ್ವಲ್ಪ ನಿಧಾನ", ಇಷ್ಟೇ.

ಇದರಿಂದ ಏನಾಗುತ್ತದೆ ನೋಡಿ. ನಮ್ಮ ಮೇಜಿನ ಒಂದು ಸುತ್ತು. ರೆಡ್ ಗಾರ್ಡ್ ಎಂಬ ಪಾತ್ರ ಆಡುವ ಭಾವ, "ನಾನು ಬೇಗ ಹೋಗಿ ಬಾಗಿಲಿಗೆ ಅಡ್ಡ ನಿಲ್ತೀನಿ, ನೀನು ನನ್ನ ಹಿಂದೆ ಬಾ" ಅಂದರು. ಡೆಮಾಲಿಷನಿಸ್ಟ್ ಆಡುವ ಅವರ ಮಗಳು "ಸರಿ ಅಪ್ಪ, ನಾನು ನಿಧಾನ" ಅಂದಳು. ಕಾರ್ಡು ತಿರುಗಿಸಿದರೆ, ಅವಳ ನಿಧಾನವೇ ಇವರ ಬೇಗಕ್ಕಿಂತ ಮುಂಚೆ! ರಾಕ್ಷಸರ ಸರದಿ ಇಬ್ಬರ ನಡುವೆ. ಅವಳು ಒಬ್ಬಳೇ ಬಾಗಿಲಲ್ಲಿ. ಬಂದ ಏಟಿಗೆ ಉಳಿಯಬೇಕಾದರೆ ಕೈಯಲ್ಲಿರುವ ಒಂದು ಕಾರ್ಡನ್ನು ಈ ಸಿನಾರಿಯೊದ ಮಟ್ಟಿಗೆ ಕಳೆದುಕೊಳ್ಳಬೇಕು. ಈ ಆಟದಲ್ಲಿ ಕಾರ್ಡೇ ಆಯಸ್ಸು. ಎರಡು ಕಾರ್ಡು ಆಡೋಕೂ ಆಗದೆ, ವಿಶ್ರಾಂತಿ ತಗೊಂಡು ಆಡಿದ ಕಾರ್ಡುಗಳನ್ನು ಕೈಗೆ ಮರಳಿಸಿಕೊಳ್ಳೋಕೂ ಆಗದೆ ಹೋದರೆ ಆ ಪಾತ್ರ ಮುಗಿದ ಹಾಗೆ. ಕೊನೆಯ ಕೋಣೆಗೆ ಅಂತ ಮೊದಲಿಂದಲೂ ಕಾಪಾಡಿಕೊಂಡಿದ್ದ ದೊಡ್ಡ ಸ್ಫೋಟದ ಕಾರ್ಡನ್ನೇ ಅವಳು ಎತ್ತಿ ಪಕ್ಕಕ್ಕಿಟ್ಟಳು. ಭಾವ ಒಂದು ಸುತ್ತು ಮಾತಾಡಲಿಲ್ಲ. ಆಮೇಲಿನ ಆಟವೆಲ್ಲ ಮಗಳ ಮುಂದೆ ಗೋಡೆಯ ಹಾಗೆ ನಿಂತು ಆಡಿದರು. ಸಂಖ್ಯೆ ಹೇಳಿಕೊಂಡು ಆಡಿದ್ದರೆ ಈ ಸುತ್ತು ಇರುತ್ತಲೇ ಇರಲಿಲ್ಲ.

ಇನ್ನೊಂದು ಲಾಭವೂ ಇದೆ. ಎಲ್ಲರೂ ಒಂದೇ ಪಕ್ಷದಲ್ಲಿರುವ ಆಟಗಳಲ್ಲಿ ಚುರುಕಾದ ಒಬ್ಬರು ಮಿಕ್ಕವರ ಆಟವನ್ನೂ ತಾವೇ ಆಡಿಬಿಡುತ್ತಾರೆ. "ನೀನು ಅದನ್ನ ಹಾಕು, ನೀನು ಅಲ್ಲಿ ನಿಲ್ಲು." ಸಂಖ್ಯೆ ಗೊತ್ತಿಲ್ಲದಿದ್ದರೆ ಅವರಿಗೆ ಅಷ್ಟು ಹಿಡಿತ ಸಿಗೋದಿಲ್ಲ. ಇಷ್ಟು ಹೇಳಿದರೂ ನಿಮಗೆ ಎಲ್ಲವನ್ನೂ ಬಿಚ್ಚಿಟ್ಟೇ ಆಡಬೇಕು ಅನ್ನಿಸಿದರೆ, ಗ್ಲೂಮ್‌ಹೇವನ್‌ನ ನಿಯಮ ಪುಸ್ತಕ ಅದಕ್ಕೂ ಒಪ್ಪುತ್ತದೆ. ಒಬ್ಬರೇ ಆಡುವವರಿಗೆ ಏರಿಸುವ ಹಾಗೆಯೇ ಕಷ್ಟವನ್ನು ಏರಿಸಿಕೊಳ್ಳಿ ಅನ್ನುತ್ತದೆ, ಅಷ್ಟೇ.

ನಿಯಮದ ಜಗಳಕ್ಕೆ ಹೆಚ್ಚು ಹೊತ್ತು ಕೊಡಬೇಡಿ. ಎರಡು ನಿಮಿಷದಲ್ಲಿ ಪುಸ್ತಕದಲ್ಲಿ ಸಿಗದಿದ್ದರೆ ಆಟಗಾರರ ಪರವಾಗಿ ತೀರ್ಮಾನಿಸಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ರಾತ್ರಿ ಹುಡುಕಿ. ಮುಂದಿನ ಸಲದಿಂದ ಸರಿಯಾಗಿ ಆಡಿದರಾಯಿತು. ಆಗಿಹೋದದ್ದನ್ನು ತಿದ್ದೋಕೆ ಹೋಗಬೇಡಿ.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ವಿಷಯ, ಓದೋದು. ಈ ಆಟಗಳ ಕಥೆಯೆಲ್ಲ ಇಂಗ್ಲಿಷಿನಲ್ಲಿ, ಅದೂ ಹಳೆಗಾಲದ ಠೀವಿಯ ಇಂಗ್ಲಿಷಿನಲ್ಲಿ ಇರುತ್ತದೆ. ಒಬ್ಬರು ಗಡಗಡ ಓದಿ ಮುಗಿಸುತ್ತಾರೆ, ಕೇಳುವವರು ಫೋನ್ ನೋಡುತ್ತಾರೆ, ಕೊನೆಗೆ "ಈಗ ಏನ್ಮಾಡ್ಬೇಕಂತೆ?" ಅಂತ ಕೇಳುತ್ತಾರೆ. ಕಥೆಯ ಆಟದಲ್ಲಿ ಕಥೆಯೇ ಕಿವಿಗೆ ಬೀಳದಿದ್ದರೆ ಉಳಿಯೋದು ಲೆಕ್ಕಾಚಾರ ಮಾತ್ರ. ನಮ್ಮಲ್ಲಿ ಗಮಕದ ಪದ್ಧತಿ ಇದೆಯಲ್ಲ, ಒಬ್ಬರು ಕಾವ್ಯ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ, ನಾವು ಹಾಗೆಯೇ ಮಾಡುತ್ತೇವೆ. ಒಬ್ಬರು ಒಂದು ಪ್ಯಾರಾ ಓದಿ ನಿಲ್ಲಿಸುತ್ತಾರೆ. ಪಕ್ಕದವರು ಅದನ್ನು ತಮ್ಮ ಕನ್ನಡದಲ್ಲಿ ಹೇಳುತ್ತಾರೆ. ಪದಕ್ಕೆ ಪದ ಬೇಕಿಲ್ಲ. ಯಾರು ಬಂದರು, ಏನಂದರು, ಮುಖ ಹೇಗಿತ್ತು, ಅಷ್ಟು ಸಾಕು.

ರಯಾನ್ ಲಾಕಟ್ ಅವರ ಸ್ಲೀಪಿಂಗ್ ಗಾಡ್ಸ್ ಆಡುವಾಗ ಇದರ ಫಲ ಕಣ್ಣಾರೆ ಕಂಡೆ. 1929ರಲ್ಲಿ ಸೋಫಿ ಒಡೆಸ್ಸಾ ಎಂಬ ಕ್ಯಾಪ್ಟನ್ನಳ ಹಡಗು ಯಾವುದೋ ಅಪರಿಚಿತ ಕಡಲಿನಲ್ಲಿ ದಾರಿ ತಪ್ಪುತ್ತದೆ, ಎಲ್ಲರೂ ಊರಿಗೆ ಮರಳಬೇಕು. ದ್ವೀಪದಿಂದ ದ್ವೀಪಕ್ಕೆ ಹೋಗುತ್ತ, ಸಂಖ್ಯೆ ಹಿಡಿದು ಕಥೆಯ ಪುಸ್ತಕ ತೆರೆದು ಓದುವ ಆಟ. ನಮ್ಮ ದೊಡ್ಡಮ್ಮ ಅಲ್ಲೇ ಅವರೆಕಾಯಿ ಬಿಡಿಸುತ್ತ ಕೂತಿದ್ದರು, ಆಟಕ್ಕೆ ಸೇರಿರಲಿಲ್ಲ. ಕನ್ನಡದಲ್ಲಿ ಕಥೆ ಕಿವಿಗೆ ಬೀಳುತ್ತ ಬೀಳುತ್ತ ಅವರ ಕೈ ನಿಂತಿತು. ದಡದಲ್ಲಿ ಒಬ್ಬ ಮುದುಕ ಸಿಕ್ಕಿ ನೆರವು ಕೊಡ್ತೀನಿ ಅಂದಾಗ, "ಅವನ ಮಾತು ನಂಬಬೇಡ ಕಣೇ, ಕ್ಯಾಪ್ಟನಮ್ಮಂಗೆ ಹೇಳು, ಹಡಗು ತಿರುಗಿಸ್ಲಿ" ಅಂದರು. ಮುಂದಿನ ಸಲದಿಂದ ಅವರಿಗೂ ಒಂದು ಕುರ್ಚಿ. ಟೋಕನ್‌ಗಳ ಲೆಕ್ಕ ನಾವು ನೋಡಿಕೊಳ್ಳುತ್ತೇವೆ, ಎಲ್ಲಿಗೆ ಹೋಗಬೇಕು, ಯಾರನ್ನು ನಂಬಬೇಕು ಅನ್ನೋದರಲ್ಲಿ ಅವರ ಮಾತಿಗೆ ನಮ್ಮಷ್ಟೇ ಬೆಲೆ. ಮನೆಯ ಹಿರಿಯರನ್ನು ಇಂಥ ಆಟಕ್ಕೆ ಕೂರಿಸಬೇಕು ಅನ್ನುವವರಿಗೆ ನಾನು ಹೇಳುವ ದಾರಿ ಇದೇ. ನಿಯಮ ಕಲಿಸೋಕೆ ಹೋಗಬೇಡಿ, ಕಥೆ ಹೇಳಿ.

ಓದುವವರಿಗೂ ಒಂದು ನಿಯಮ: ಆಯ್ಕೆಗಳವರೆಗೆ ಓದಿ ಬೆರಳಿಟ್ಟು ಮುಚ್ಚಬೇಕು, ಕೆಳಗಿನ ಸಾಲು ನೋಡಬಾರದು. ಕಣ್ಣು ಜಾರಿದರೆ ಆ ತೀರ್ಮಾನದಲ್ಲಿ ಅವರು ಮಾತಾಡುವ ಹಾಗಿಲ್ಲ.

ನೋಟ್‌ಬುಕ್ ಅಂದೆನಲ್ಲ, ಅದು ನಮ್ಮ ಪೆಟ್ಟಿಗೆಯಲ್ಲಿ ಯಾವಾಗಲೂ ಇರುತ್ತದೆ. ಏನಾಯಿತು ಅನ್ನೋದಕ್ಕಿಂತ, ಮುಂದೆ ಎಲ್ಲಿಗೆ ಹೋಗಬೇಕು ಅಂದುಕೊಂಡಿದ್ದೆವು, ಯಾಕೆ, ಅನ್ನೋದನ್ನು ಎದ್ದೇಳುವ ಮೊದಲೇ ಬರೆದಿಡಿ. ಎರಡು ವಾರ ಬಿಟ್ಟು ಕೂತಾಗ ಮರೆತುಹೋಗಿರೋದು ಇದೇ. ಹಿಂದಿನ ಕಥೆಯನ್ನು ನೆನಪಿಸುವ ಕೆಲಸ ಆಟದ ಮಾಲೀಕರಿಗೆ ಬೇಡ, ಅವರಿಗೆ ಎಲ್ಲವೂ ನೆನಪಿರುತ್ತದೆ. ಕಡಿಮೆ ಮಾತಾಡುವವರಿಗೆ ಕೊಡಿ. ಅವರು ಹೇಳುವಾಗ ಮಿಕ್ಕವರು ಸೇರಿಸುತ್ತ ಹೋಗುತ್ತಾರೆ, ಐದು ನಿಮಿಷದಲ್ಲಿ ಎಲ್ಲರೂ ಕಥೆಯೊಳಗೆ ಬಂದಿರುತ್ತಾರೆ.

ಒಬ್ಬರು ಬರದಿದ್ದರೆ? ಇದು ಆಟದ ಮೇಲಿದೆ. ಗ್ಲೂಮ್‌ಹೇವನ್‌ನಲ್ಲಿ ಆಟಗಾರರ ಸಂಖ್ಯೆಗೆ ತಕ್ಕಂತೆ ರಾಕ್ಷಸರ ಸಂಖ್ಯೆಯೂ ಬದಲಾಗುತ್ತದೆ, ಮೂವರೇ ಆಡಬಹುದು. ಪ್ಯಾಂಡೆಮಿಕ್ ಲೆಗಸಿಯಲ್ಲಿ ಪ್ರತಿ ಆಟಕ್ಕೂ ಪಾತ್ರ ಆರಿಸಿಕೊಳ್ಳೋದರಿಂದ ತೊಂದರೆ ಇಲ್ಲ, ಆದರೆ ತಿಂಗಳ ಹೊಸ ಗುಟ್ಟು ತೆರೆಯುವ ದಿನ ಎಲ್ಲರೂ ಇರಲೇಬೇಕು ಅನ್ನೋದು ನಮ್ಮ ಪಟ್ಟು. ಗುಂಪು ಕಟ್ಟುವಾಗಲೇ ನಾಲ್ವರ ಬದಲು ಮೂವರು ಸಾಕು ಅಂತ ನನ್ನ ಸಲಹೆ. ದಿನವನ್ನು ಮೊದಲೇ ಗೊತ್ತು ಮಾಡಿ. "ನೋಡೋಣ, ಯಾವಾಗ ಬಿಡುವು?" ಅಂತ ಶುರುವಾದ ಆಟ ನಡುವೆಯೇ ನಿಂತುಹೋಗೋದು ಖಂಡಿತ.

ಕೆಲವು ಆಟಗಳಲ್ಲಿ ಬರೀ ದುಡಿಮೆಯೇ ಜಾಸ್ತಿ. 2019ರ ಟೇಂಟೆಡ್ ಗ್ರೇಲ್‌ನ ಕಥೆ ಅದ್ಭುತ. ಆದರೆ ಮೆನ್ಹಿರ್ ಎಂಬ ಕಲ್ಲಿನ ಪ್ರತಿಮೆಗಳನ್ನು ಹೊತ್ತಿಸುತ್ತಲೇ ಇರಬೇಕು, ಅದಕ್ಕೆ ಸಾಮಗ್ರಿ ಕೂಡಿಸಬೇಕು, ಹೊತ್ತಿಸಿದ್ದೂ ಕೆಲವೇ ದಿನಗಳಲ್ಲಿ ಆರುತ್ತದೆ. ಒಳ್ಳೆಯ ಅಧ್ಯಾಯ ಎದುರಿಗಿದ್ದರೂ ಕೂಳಿಗಾಗಿ ಅಲೆಯುತ್ತಿರಬೇಕು. ನಾವು ಪ್ರತಿಮೆ ಹೊತ್ತಿಸಿದಾಗ ಅದರ ದಿನಗಳಿಗೆ ಎರಡನ್ನು ಸೇರಿಸಿ ಇಡುತ್ತೇವೆ. ಭಯ ಹಾಗೇ ಉಳಿಯಿತು, ಅಲೆದಾಟ ಕಡಿಮೆಯಾಯಿತು.

ಮೇಜಿನ ವಿಷಯ ಚಿಕ್ಕದು, ಆದರೂ ಹೇಳಬೇಕು. ಮಿಕ್ಕವರು ಬರುವ ಮೊದಲೇ ಮನೆಯವರು ಆಟ ಜೋಡಿಸಿಟ್ಟಿರಬೇಕು. ಪ್ರತಿಯೊಬ್ಬರ ಪಾತ್ರದ ಕಾರ್ಡು, ಟೋಕನ್ನು ಬೇರೆಬೇರೆ ಜಿಪ್ ಚೀಲದಲ್ಲಿರಲಿ. ಕೋಡುಬಳೆ, ಚಕ್ಕುಲಿಯ ಎಣ್ಣೆ ಕಾರ್ಡಿಗೆ ಹತ್ತಿದರೆ ಹೋಗೋದಿಲ್ಲ, ಅದು ಆಟ ಮುಗಿದ ಮೇಲೆ. ಕಾಫಿ ಲೋಟಕ್ಕೆ ಪಕ್ಕದಲ್ಲಿ ಸ್ಟೂಲ್ ಇರಲಿ. ಸ್ಟಿಕ್ಕರ್ ಅಂಟಿಸೋದೋ ಬೇಡವೋ ಅಂತ ಕೇಳುವವರಿಗೆ: ಅಂಟಿಸಿ. ಅದು ನಿಮ್ಮದೇ ಕಥೆಯ ನಕ್ಷೆ.

ಯಾವುದರಿಂದ ಶುರು ಮಾಡೋದು ಅಂದರೆ ಜಾಸ್ ಆಫ್ ದ ಲಯನ್. 25 ಸಿನಾರಿಯೊ, ಮೊದಲ ಐದು ಆಡುತ್ತಾಡುತ್ತಲೇ ನಿಯಮ ಕಲಿಸುತ್ತವೆ. ನಕ್ಷೆ ಜೋಡಿಸುವ ಗೋಜಿಲ್ಲ, ಪುಸ್ತಕದ ಪುಟವೇ ಬೋರ್ಡು.

ಇನ್ನು, ಈಗಾಗಲೇ ಅಟ್ಟ ಸೇರಿದ ಆಟ. ಗುಂಪು ಚದುರಿದ್ದರೆ, ಒಬ್ಬರು ಪುಣೆಗೋ ಡಲ್ಲಾಸ್‌ಗೋ ಹೋಗಿದ್ದರೆ, ಮತ್ತೆ ಮೊದಲಿಂದ ಶುರು ಮಾಡುವ ಹಟ ಬೇಡ. ಒಂದು ಸಂಜೆ ಎಲ್ಲರನ್ನೂ ಕರೆಯಿರಿ, ದೂರದವರನ್ನು ವಿಡಿಯೊ ಕಾಲ್‌ನಲ್ಲಿ ಸೇರಿಸಿಕೊಳ್ಳಿ. ಹೊಡೆದಾಟವೆಲ್ಲ ಬಿಟ್ಟು ಮುಂದಿನ ಅಧ್ಯಾಯಗಳ ಕಥೆಯನ್ನು ಓದುತ್ತ ಹೋಗಿ. ಆಯ್ಕೆ ಬಂದ ಕಡೆ ನಿಲ್ಲಿಸಿ, ನಿಮ್ಮ ಪಾತ್ರಗಳು ಏನು ಮಾಡುತ್ತಿದ್ದವು ಅಂತ ಮಾತಾಡಿ ಮುಂದುವರಿಯಿರಿ. ಪೆಟ್ಟಿಗೆಯಲ್ಲಿರುವ ಮುಚ್ಚಿದ ಲಕೋಟೆಗಳನ್ನು ಅವುಗಳ ಸರದಿ ಬಂದಾಗ ಒಡೆಯಿರಿ. ಮೂರ್ನಾಲ್ಕು ಗಂಟೆ ಹಿಡಿಯುತ್ತದೆ, ಊಟ ಮೊದಲೇ ಮುಗಿಸಿಕೊಂಡು ಕೂತ್ಕೊಳ್ಳಿ.