ಮಣಿ ಕೊಳ್ಳುವಾಗ ನಾನು ನೋಡುವುದು
ಸರ ಪೋಣಿಸಲು ಗಾಜಿನ ಮಣಿ ಬೇಕಾದಾಗ ನಾನು ಬೆಂಗಳೂರಿನ ಚಿಕ್ಕಪೇಟೆಯ ಕಡೆಗೇ ಹೋಗುತ್ತೇನೆ. ಅಲ್ಲಿ ಮಣಿಗಳನ್ನು ಕೈಯಲ್ಲಿ ಹಿಡಿದು ನೋಡಬಹುದೆಂಬುದೇ ದೊಡ್ಡ ಅನುಕೂಲ. ಸಣ್ಣ ಮಣಿಗಳ ಗಾತ್ರವನ್ನು 8, 11, 15 ಎಂಬ ಸಂಖ್ಯೆಗಳಿಂದ ಗುರುತಿಸುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ಮಣಿ ಚಿಕ್ಕದು, 11ರದು ಸುಮಾರು 2 ಮಿಲಿಮೀಟರ್. ಬಣ್ಣಕ್ಕಿಂತ ಮೊದಲು ನಾನು ನೋಡುವುದು ತೂತನ್ನು. ಅದರ ಅಂಚು ಒರಟಾಗಿದ್ದರೆ ದಾರ ದಿನದಿನವೂ ಸವೆದು, ಎಷ್ಟೇ ಚೆಂದದ ಸರವಾದರೂ ಒಂದು ದಿನ ಕಡಿದುಬೀಳುತ್ತದೆ; ಆದ್ದರಿಂದ ಪೋಣಿಸುವ ಸೂಜಿಯನ್ನು ಜೊತೆಗೇ ಒಯ್ದು, ಕೆಲವು ಮಣಿಗಳಲ್ಲಿ ತೂರಿಸಿ ನೋಡುವುದು ಒಳ್ಳೆಯದು. ಮೇಲೆ ಬಣ್ಣ ಬಳಿದ ಅಗ್ಗದ ಮಣಿಗಳು ಬೆವರಿಗೆ ಬಣ್ಣ ಬಿಡುವುದುಂಟು. ಒದ್ದೆ ಬಿಳಿ ಕರವಸ್ತ್ರದಿಂದ ಉಜ್ಜಿದರೆ ಎಷ್ಟೋ ಸಲ ಅಂಗಡಿಯಲ್ಲೇ ಗೊತ್ತಾಗುತ್ತದೆ. ಒಂದು ಸರಕ್ಕೆ ಬೇಕಾದಷ್ಟನ್ನೂ ಒಮ್ಮೆಗೇ ಕೊಳ್ಳಿರಿ, ಏಕೆಂದರೆ ಮುಂದಿನ ಸಲ ಬರುವ ಸರಕಿನಲ್ಲಿ ಅದೇ ಬಣ್ಣದ ಛಾಯೆ ಬೇರೆಯಾಗಿರಬಹುದು.